ಧಾರೆ ಎರೆಯುವವರು

ನನ್ನ ಮದುವೆ ಎರಡು ಸಲ ಆಯಿತು, ಗಂಡ ಮಾತ್ರ ಒಬ್ಬನೇ. ಮೊದಲನೆಯದು ಬನಶಂಕರಿ ಕಡೆಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಎರಡನೆಯದು ಆರು ದಿನ ಬಿಟ್ಟು ಜೆ.ಪಿ. ನಗರದ ಛತ್ರದಲ್ಲಿ. ಹುಡುಗನದು ಬೇರೆ ಜಾತಿ. ಯಾರಾದರೂ ಮನಸ್ಸು ಬದಲಾಯಿಸುವ ಮೊದಲು ಸರ್ಟಿಫಿಕೇಟು ಕೈಗೆ ಬರಲಿ ಎಂದು ನಾವಿಬ್ಬರೂ ಹಟ ಹಿಡಿದಿದ್ದೆವು.

"ಅದೆಲ್ಲ ಬರೀ ಕಾಗದ ಕಣಮ್ಮ. ಧಾರೆ ಆದ್ರೇನೇ ಮದುವೆ," ಎಂದರು ದೊಡ್ಡಪ್ಪ.

ನನಗೆ ಏಳು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಆಮೇಲೆ ಕುಮಾರಸ್ವಾಮಿ ಲೇಔಟಿನ ಎರಡು ಕೋಣೆಯ ಮನೆಯಲ್ಲಿ ಬ್ಲೌಸ್ ಹೊಲಿದು ನನ್ನನ್ನು ಓದಿಸಿದ್ದು ಅಮ್ಮ. ಜಯನಗರದಲ್ಲಿ ಕೂತು ಯಜಮಾನಿಕೆ ಮಾಡಿದ್ದು ದೊಡ್ಡಪ್ಪ. ಗಂಡನಿಲ್ಲದವಳು ಧಾರೆ ಎರೆಯುವಂತಿಲ್ಲ, ತಾವೂ ದೊಡ್ಡಮ್ಮನೂ ಎರೆಯುವುದು ಎಂದು ಅವರು ತೀರ್ಮಾನಿಸಿಬಿಟ್ಟರು. ಅಮ್ಮ ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿಯಿತು. ಎರೆದರೆ ಅಮ್ಮನೇ ಎರೆಯಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ರಿಜಿಸ್ಟ್ರಾರ್ ಕಚೇರಿಯಲ್ಲೂ ನನ್ನ ಕಡೆಯ ಸಾಕ್ಷಿ ದೊಡ್ಡಪ್ಪನೇ ಎಂದಾಗಿತ್ತು. ರಾಹುಕಾಲ ಕಳೆದ ಮೇಲೆ ರೇಷ್ಮೆ ಪಂಚೆ ಉಟ್ಟು ಬಂದರು. ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನ ಕುಂಕುಮ ಎಲ್ಲ ತಂದಿದ್ದರು. ಆಧಾರ್ ಕಾರ್ಡ್ ತಂದಿರಲಿಲ್ಲ.

"ನಾನು ಹುಡುಗಿಯ ದೊಡ್ಡಪ್ಪ," ಎಂದರು ಗುಮಾಸ್ತನಿಗೆ.

"ಇರಬಹುದು ಸಾರ್. ಪ್ರೂಫ್ ಕೊಡಿ."

"ರೀ, ಮನೆಗೆ ಹಿರಿಯ ನಾನು!"

"ಯಾರೇ ಆದ್ರೂ ಕಾರ್ಡ್ ಬೇಕು ಸಾರ್."

ದೊಡ್ಡಪ್ಪ ತೆಂಗಿನಕಾಯಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಅಮ್ಮ ಬ್ಯಾಗಿನಿಂದ ತನ್ನ ಆಧಾರ್ ತೆಗೆದಳು, ಜೊತೆಗೆ ಎರಡು ಜೆರಾಕ್ಸ್. "ನಾನು ಹಾಕ್ಲಾ ಭಾವ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಹಿ ಹಾಕಿದಳು. ನಿಮಗೆ ಗಂಡ ಇದ್ದಾರಾ ಎಂದು ಗುಮಾಸ್ತ ಕೇಳಲಿಲ್ಲ. ಮುಂದಿನ ಜೋಡಿಯನ್ನು ಕರೆದ.

ಅರ್ಧ ಗೆದ್ದೆ ಅಂದುಕೊಂಡೆ. ಆದರೆ ಛತ್ರದಲ್ಲಿ ಧಾರೆಯ ಹೊತ್ತಿಗೆ ನೋಡಿದರೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಚೊಂಬು ದೊಡ್ಡಪ್ಪನ ಕೈಯಲ್ಲಿದೆ.

"ಅಮ್ಮ ಎರೆದ್ರೇನೇ ನಾನು ಕೈ ಒಡ್ಡೋದು," ಎಂದೆ.

ದೊಡ್ಡಪ್ಪ ಪುರೋಹಿತರ ಮುಖ ನೋಡಿದರು. ಪುರೋಹಿತರು ಗಡಿಯಾರ ನೋಡಿದರು. "ತಾಯಿ ತಾನೇ? ಎರೀಲಿ ಬಿಡಿ ಯಜಮಾನ್ರೇ. ಮುಹೂರ್ತ ಮೀರ್ತಾ ಇದೆ. ನಾನು ಉತ್ತರಹಳ್ಳೀಲಿ ಇನ್ನೊಂದು ಮುಗಿಸ್ಬೇಕು."

ದೊಡ್ಡಪ್ಪ ಚೊಂಬನ್ನು ಕೆಳಗಿಟ್ಟರು. "ಬಾರಮ್ಮ," ಎಂದು ಅಮ್ಮನನ್ನು ಕರೆದರು. ಇಷ್ಟು ಸುಲಭ ಎಂದು ಗೊತ್ತಿದ್ದರೆ ನಾನು ವಾರವಿಡೀ ನಿದ್ದೆಗೆಡುತ್ತಿರಲಿಲ್ಲ.

ಒಪ್ಪದೆ ಹೋದವಳು ಅಮ್ಮ. ನನ್ನ ಹತ್ತಿರ ಬಂದು ಬಗ್ಗಿ, ಕಿವಿಯಲ್ಲಿ ಹೇಳಿದಳು: "ಬೇಡ ಕಣೇ. ನನ್ನ ಕೈಯಿಂದ ಬೇಡ. ನಾಳೆ ನಿನಗೂ ನನ್ನ ಥರಾನೇ ಆಗಿಬಿಟ್ರೆ?"

ದೊಡ್ಡಪ್ಪನ ಜೊತೆ ಜಗಳಕ್ಕೆಂದು ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅಮ್ಮನಿಗೆ ಹೇಳುವುದಕ್ಕೆ ಅದರಲ್ಲಿ ಒಂದೂ ಇರಲಿಲ್ಲ. ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು.

"ಇಷ್ಟು ವರ್ಷ ಈ ಕೈಯಿಂದಾನೇ ಉಂಡಿದ್ದೀನಲ್ಲಮ್ಮ," ಎಂದೆ. "ಏನಾಗಿದೆ ನನಗೆ?"

ಅಮ್ಮ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು. ಆಮೇಲೆ ಚೊಂಬು ಎತ್ತಿದಳು. ಪುರೋಹಿತರು ಸಾಕು ಎಂದ ಮೇಲೂ ನಿಲ್ಲಿಸಲಿಲ್ಲ, ಅದು ಖಾಲಿಯಾಗುವ ತನಕ ಎರೆದಳು.