ಅಂಚೆಯಲ್ಲಿ ಬಂದ ಮೊದಲ ಪಾಠ

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ನಮ್ಮವರಿಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲೇ ಇನ್ನಿಬ್ಬರ ಜೊತೆ ರೂಮು ಮಾಡಿಕೊಂಡು, ವಾರದ ರಜೆಗೆ ಮಾತ್ರ ಊರಿಗೆ ಬರುತ್ತಿದ್ದರು. ಡೆಂಕಣಿಕೋಟೆಯಿಂದ ಜವಳಗಿರಿ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಮೈಲಿ ದೂರ ನಡೆದರೆ ನಮ್ಮೂರು; ತಮಿಳುನಾಡಿಗೆ ಸೇರಿದ್ದು, ಮನೆಮಾತು ಮಾತ್ರ ಕನ್ನಡ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ಓದಿದವಳು. ಕಾಲೇಜು ಎಂದರೆ ಕೃಷ್ಣಗಿರಿಗೆ ಹೋಗಬೇಕು, ಅಲ್ಲಿ ಎಲ್ಲ ತಮಿಳು ಇಲ್ಲವೇ ಇಂಗ್ಲಿಷು. ಅಪ್ಪ ಓದಿದ್ದು ಸಾಕು ಎಂದರು. ಆಮೇಲೆ ನಾನು ಬರೆದದ್ದೆಲ್ಲ ಊರಿನವರ ಕಾಗದಗಳೇ. ಯಾರ ಮಗಳಿಗೋ ಹೆರಿಗೆಯಾಯಿತು, ಯಾರದೋ ಎಮ್ಮೆ ಸತ್ತಿತು, ಹಬ್ಬಕ್ಕೆ ಬನ್ನಿ, ಇಂಥವು.

ಒಂದು ವಾರ ನಮ್ಮವರು ಹೊಸೂರಿನಿಂದ ಕನ್ನಡ ಪೇಪರು ತಂದಿದ್ದರು. ಅದರಲ್ಲಿ ಮೈಸೂರಿನ ಒಂದು ಕಾಲೇಜು ಅಂಚೆಯ ಮೂಲಕವೇ ಬರವಣಿಗೆ ಕಲಿಸುತ್ತದೆಂದು ಸಣ್ಣ ಪ್ರಕಟಣೆ. ಪಾಠ ಮನೆಗೆ ಬರುತ್ತದೆ, ಓದಿ, ಉತ್ತರ ಬರೆದು ಕಳಿಸಬೇಕು, ಮೇಷ್ಟ್ರು ತಿದ್ದಿ ವಾಪಸ್ಸು ಕಳಿಸುತ್ತಾರೆ. ನಾನು ಅದನ್ನು ಎರಡು ಸಲ ಓದಿದ್ದನ್ನು ನೋಡಿ ನಮ್ಮವರೇ ಅರ್ಜಿ ತರಿಸಿಕೊಟ್ಟರು. ಅರ್ಜಿ ತುಂಬುವಾಗ ನನಗೊಂದು ಬಿಂಕ. ಬಸ್ಸಿನ ಬೋರ್ಡಿನಿಂದ ರೇಷನ್ ಕಾರ್ಡಿನವರೆಗೆ ಎಲ್ಲವೂ ತಮಿಳಿನಲ್ಲಿರುವ ಕಡೆ, ಇದೊಂದಾದರೂ ಕನ್ನಡದಲ್ಲಿರಲಿ ಎಂದು ವಿಳಾಸವನ್ನೂ ಬರೀ ಕನ್ನಡದಲ್ಲೇ ಬರೆದೆ.

ನಿಮ್ಮನ್ನು ಸೇರಿಸಿಕೊಂಡಿದ್ದೇವೆ, ಮೊದಲ ಪಾಠ ಕಳಿಸಿದ್ದೇವೆ, ತಿಂಗಳ ಕೊನೆಯೊಳಗೆ ಉತ್ತರ ತಲುಪದಿದ್ದರೆ ಹೆಸರು ತೆಗೆಯಲಾಗುವುದು ಎಂದು ಒಂದು ಕಾರ್ಡು ಬಂತು. ಅದನ್ನು ತಂದುಕೊಟ್ಟವರು ನಮ್ಮ ಹಳೆಯ ಪೋಸ್ಟ್‌ಮ್ಯಾನು. ಅವರು ಓದಿದ್ದು ತೆಲುಗು. ಕನ್ನಡ ಅಕ್ಷರಗಳೂ ಹೆಚ್ಚುಕಮ್ಮಿ ಹಾಗೇ ಇರುವುದರಿಂದ ಕಣ್ಣು ಕಿರಿದು ಮಾಡಿಕೊಂಡು ಹೇಗೋ ಓದಿಬಿಡುತ್ತಿದ್ದರು.

ಕಾರ್ಡು ಬಂತು, ಪಾಠ ಬರಲಿಲ್ಲ. ಒಂದು ವಾರ ಕಾದೆ, ಎರಡು ವಾರ ಕಾದೆ. ಪೋಸ್ಟ್‌ಮ್ಯಾನೂ ನಮ್ಮೂರ ಕಡೆ ಕಾಣಲಿಲ್ಲ. ನಮ್ಮವರು ಬಂದಾಗ ಪಾಠ ಬಂತಾ ಎಂದು ಕೇಳಿದರೆ, ಬರುತ್ತೆ ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದೆ. ಅಷ್ಟು ಆಸೆಯಿಂದ ಸೇರಿಸಿದ್ದರು, ಶುರುವಾಗುವ ಮೊದಲೇ ಮುಗಿಯಿತು ಎಂದು ಹೇಳಲು ಬಾಯಿ ಬರಲಿಲ್ಲ.

ಅತ್ತೆಗೆ ಓದು ಬರಹ ಇಲ್ಲ. ಆದರೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ದಿನಾ ಬೇಲಿ ಹತ್ತಿರ ಹೋಗಿ ನಿಲ್ಲುವುದನ್ನು ಗಮನಿಸಿದ್ದರು. ಒಂದು ದಿನ ಅವರೆಕಾಯಿ ಬಿಡಿಸುತ್ತಾ ಕೇಳಿದರು. ಹೇಳಿಬಿಟ್ಟೆ. ಓದೋದಕ್ಕೆ ಇದು ವಯಸ್ಸಾ ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದರು.

"ಇಲ್ ಕುಂತ್ರೆ ಬತ್ತದಾ? ನಡಿ, ಹೋಗಿ ಕೇಳಾನ."

ಅಂಚೆ ಕಚೇರಿ ಇದ್ದದ್ದು ಮೂರು ಮೈಲಿ ಆಚೆಯ ದೊಡ್ಡ ಊರಿನಲ್ಲಿ. ರಾಗಿ ತೆನೆ ಬಲಿತ ಕಾಲ, ಆನೆಗಳು ಕಾಡಿನಿಂದ ಕೆಳಕ್ಕಿಳಿಯುವ ಕಾಲ. ಹಾಗಾಗಿ ಬಿಸಿಲು ಚೆನ್ನಾಗಿ ಏರಿದ ಮೇಲೆ ಹೊರಟೆವು. ಹಿಂದಿನ ದಿನ ಆನೆ ತುಳಿದಿದ್ದ ಹೊಲವೊಂದನ್ನು ಬಳಸಿಕೊಂಡು ಹೋಗಬೇಕಾಯಿತು. ಅತ್ತೆ ಮುಂದೆ, ನಾನು ಹಿಂದೆ.

ಕಚೇರಿ ಎಂದರೆ ಒಂದು ಮನೆಯ ಮುಂದಿನ ಕೋಣೆ. ಪೋಸ್ಟ್‌ಮಾಸ್ಟರು ಸೇಲಂ ಕಡೆಯವರು, ಹೊಸಬರು. ಅತ್ತೆ ತಮಗೆ ಬರುವ ತಮಿಳಿನಲ್ಲಿ ಕೇಳಿದರು. ಅವರು ಮರ್ಯಾದೆಯಿಂದಲೇ ನಿಮ್ಮ ಊರಿನ ಹೆಸರಿಗೆ ಏನೂ ಬಂದಿಲ್ಲ ಎಂದರು. ನಾನು ಹೊರಡಲು ತಿರುಗಿದೆ. ಅತ್ತೆ ಮಾತ್ರ ಅಲ್ಲಿಂದ ಕದಲಲಿಲ್ಲ. ಪೋಸ್ಟ್‌ಮ್ಯಾನ್ ಎಲ್ಲಿ ಎಂದು ಕೇಳಿದರು. ಬಾವಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡು ಮೂರು ವಾರದಿಂದ ಮಲಗಿದ್ದಾರಂತೆ. ಮನೆ ಹಿಂದಿನ ಬೀದಿಯಲ್ಲೇ.

ಹೋದೆವು. ಹಜಾರದ ಮಂಚದ ಮೇಲೆ, ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಕೂತಿದ್ದರು. ಅತ್ತೆ ಮೊದಲು ಕಾಲಿನ ಸಮಾಚಾರವನ್ನೆಲ್ಲ ವಿಚಾರಿಸಿದರು. ಆಮೇಲೆ ನನ್ನ ವಿಷಯ. ಅರ್ಜಿಯಲ್ಲಿ ವಿಳಾಸ ಯಾವ ಭಾಷೆಯಲ್ಲಿ ಬರೆದಿದ್ದೀಯ ಎಂದು ಪೋಸ್ಟ್‌ಮ್ಯಾನು ನನ್ನನ್ನು ಕೇಳಿದರು. ಕನ್ನಡದಲ್ಲಿ ಎಂದೆ. ಅವರು ನಕ್ಕುಬಿಟ್ಟರು.

"ಹಂಗಾದ್ರೆ ಅದು ಇಲ್ಲೇ ಎಲ್ಲೋ ಅದೆ ಕಣಮ್ಮಾ. ಹೊಸಬ್ರಿಗೆ ಓದಕ್ಕಾಗಿಲ್ಲ, ಅಷ್ಟೇಯ."

ಅವರು ಹೇಳಿಕಳಿಸಿದ್ದಕ್ಕೆ ಪೋಸ್ಟ್‌ಮಾಸ್ಟರು ತಾವೇ ಒಂದು ಕಟ್ಟು ಹಿಡಿದುಕೊಂಡು ಬಂದರು. ಪಿನ್ ಕೋಡಿನ ಅಂಕಿಯಿಂದ ಇಲ್ಲಿಯವರೆಗೆ ಬಂದು, ಯಾವ ಊರು ಎಂದು ತಿಳಿಯದೆ ಉಳಿದ ಕಾಗದಗಳು. ಮರುದಿನ ಅವನ್ನು ವಾಪಸ್ಸು ಕಳಿಸುವುದಿತ್ತಂತೆ. ಪೋಸ್ಟ್‌ಮ್ಯಾನು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಮೂರನೆಯದು ಕಂದು ಬಣ್ಣದ ದಪ್ಪ ಲಕೋಟೆ. ನನ್ನ ಹೆಸರನ್ನು ತೆಲುಗಿನ ರಾಗದಲ್ಲಿ ಎಳೆದು ಎಳೆದು ಓದಿದರು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಳು ಬರುತ್ತದೆ ಎಂದುಕೊಂಡಿದ್ದೆ, ಬಂದದ್ದು ನಗು. ಪೋಸ್ಟ್‌ಮಾಸ್ಟರು ಪಾಪ, ತಮ್ಮದೇ ತಪ್ಪು ಎನ್ನುವ ಹಾಗೆ ನಿಂತಿದ್ದರು. ತಪ್ಪು ನನ್ನ ಬಿಂಕದ್ದು ಎಂದು ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ವಿಳಾಸದ ಕೆಳಗೆ ಒಂದು ಸಾಲು ಇಂಗ್ಲಿಷಿನಲ್ಲೂ ಬರೆಯಲು ಮೈಸೂರಿನವರಿಗೆ ಹೇಳಮ್ಮಾ ಎಂದರು.

ತಿಂಗಳು ಮುಗಿಯಲು ಇನ್ನು ಎಂಟು ದಿನವಿತ್ತು. ಮೈಸೂರಿಗೆ ಕಾಗದ ತಲುಪಲು ನಾಲ್ಕು ದಿನವಾದರೂ ಬೇಕು. ಮೊದಲ ಪಾಠದ ಕೆಲಸ, ನಿಮ್ಮ ಬಗ್ಗೆ ಎರಡು ಪುಟ ಬರೆಯಿರಿ ಎಂದು. ಬರೆದೆ. ಪ್ರಕೃತಿಯ ಮಡಿಲು, ಜ್ಞಾನದಾಹ, ಜೀವನವೆಂಬ ಸಾಗರ, ಶಾಲೆಯ ಪ್ರಬಂಧದಲ್ಲಿ ಕಲಿತದ್ದೆಲ್ಲ ಅದರೊಳಗೆ ಹೋಯಿತು. ಮಾರನೆಯ ಮಧ್ಯಾಹ್ನ ಅತ್ತೆ ಓದಿಹೇಳು ಎಂದರು. ಗಂಟಲು ಸರಿಮಾಡಿಕೊಂಡು ಓದಿದೆ. ಅವರು ಕೊನೆವರೆಗೂ ಕೇಳಿಸಿಕೊಂಡರು.

"ಯಾರ್ದು ಇದು?" ಎಂದರು.

ನನ್ನದೇ, ನನ್ನ ಬಗ್ಗೆಯೇ ಬರೆದದ್ದು ಎಂದೆ.

"ಗೊತ್ತಾಗ್ಲಿಲ್ಲ ಕಣಮ್ಮಿ. ಯಾರೋ ದೊಡ್ಡೋರ್ ಮನೆ ಹೆಣ್ಮಗಳು ಅಂದ್ಕೊಂಡೆ."

ಅವರು ಚುಚ್ಚಿ ಆಡಿದ ಮಾತಲ್ಲ ಅದು. ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು. ಹಸುವಿಗೆ ಹುಲ್ಲು ಹಾಕಲು ಎದ್ದುಹೋದರು. ನಾನು ಆ ಎರಡು ಪುಟಗಳನ್ನು ಮತ್ತೆ ಓದಿದೆ. ನನಗೂ ಅವಳು ಯಾರೆಂದು ಗೊತ್ತಾಗಲಿಲ್ಲ.

ಹೊಸ ಹಾಳೆ ತೆಗೆದೆ. ಹಿಂದಿನ ದಿನವಷ್ಟೇ ನಡೆದುಹೋದ ದಾರಿಯನ್ನು ಬರೆದೆ. ಆನೆ ತುಳಿದ ರಾಗಿ, ಮುಂದೆ ಹೋಗುತ್ತಿದ್ದ ಅತ್ತೆಯ ಹಿಮ್ಮಡಿಯ ಬಿರುಕು, ದಬ್ಬೆ ಕಟ್ಟಿದ ಕಾಲು. ಶಾಲೆ ಎನ್ನುವ ಕಡೆ ನಮ್ಮ ಬಾಯಲ್ಲಿರುವ ಪಳ್ಳಿಕೂಡ ಎಂಬ ಮಾತೇ ಬಂತು. ಜಗಲಿ ಎನ್ನುವ ಕಡೆ ತಿಣ್ಣೆ ಬಂತು. ಇವೆಲ್ಲ ಕನ್ನಡವೋ ತಮಿಳೋ ಎಂದು ಅನುಮಾನವಾಯಿತು. ಕೇಳೋಣವೆಂದರೆ ಯಾರಿದ್ದಾರೆ? ತಿದ್ದಲು ಸಮಯವೂ ಇರಲಿಲ್ಲ. ಹಾಗೇ ಮಡಚಿ, ರಜೆಗೆ ಬಂದಿದ್ದ ನಮ್ಮವರ ಕೈಯಲ್ಲಿ ಹೊಸೂರಿನಲ್ಲಿ ಪೋಸ್ಟ್ ಮಾಡಿ ಎಂದು ಕೊಟ್ಟೆ. ನಡೆದದ್ದನ್ನೂ ಆಗಲೇ ಹೇಳಿದೆ. ಮೊದಲೇ ಹೇಳಬಾರದಿತ್ತಾ ಎಂದರು, ಅಷ್ಟೇ.

ಆಮೇಲಿನ ದಿನಗಳಲ್ಲಿ ನನಗೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ತಡವಾಯಿತು ಎಂದು ಬರುತ್ತದೋ, ನಿಮಗೆ ಕನ್ನಡವೇ ಬರುವುದಿಲ್ಲ ಎಂದು ಬರುತ್ತದೋ. ಸುಮಾರು ಇಪ್ಪತ್ತು ದಿನದ ಮೇಲೆ, ಪೋಸ್ಟ್‌ಮಾಸ್ಟರು ಜವಳಗಿರಿ ಕಡೆ ಹೊರಟಿದ್ದವರು ಸೈಕಲ್ಲಿನಲ್ಲಿ ಬಂದು ಲಕೋಟೆ ಕೊಟ್ಟುಹೋದರು. ಅಡಿಗೆಮನೆಗೆ ಒಯ್ದು ಒಲೆಯ ಬೆಳಕಿನಲ್ಲಿ ಒಡೆದೆ.

ಕೆಂಪು ಶಾಯಿ ಬೇಕಾದಷ್ಟಿತ್ತು. ಕಾಗುಣಿತ ತಿದ್ದಿದ್ದರು, ಒಂದು ಉದ್ದದ ವಾಕ್ಯವನ್ನು ಎರಡು ಮಾಡಿದ್ದರು. ಪಳ್ಳಿಕೂಡದ ಕೆಳಗೆ ಗೆರೆ. ಪಕ್ಕದಲ್ಲಿ, ಇದು ತಮಿಳು, ಆದರೆ ನಿಮ್ಮ ಕಡೆ ಕನ್ನಡದವರು ಹೀಗೇ ಅನ್ನುವುದಾದರೆ ಇರಲಿ, ಎಂದು ಬರೆದಿದ್ದರು. ಕೊನೆಯಲ್ಲಿ ಎರಡೇ ಸಾಲು: ಸಮಯಕ್ಕೆ ತಲುಪಿದೆ. ನಿಮ್ಮ ಅತ್ತೆಯವರನ್ನು ನೋಡಿದ ಹಾಗಾಯಿತು, ಮುಂದಿನ ಪಾಠ ಜೊತೆಗಿದೆ.

ಅತ್ತೆಗೆ ಓದಿಹೇಳಿದೆ. ಮೈಸೂರಿನ ಮೇಷ್ಟ್ರಿಗೆ ತಮ್ಮ ಹಿಮ್ಮಡಿಯ ವಿಷಯ ಯಾಕೆ ಬರೆದೆ ಎಂದು ಸ್ವಲ್ಪ ಗೊಣಗಿದರು. ಆಮೇಲೆ ಎರಡು ಸಲ, ನೋಡ್ದಂಗಾಯ್ತಂತಾ ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಎಂದು ಚಾಪೆ ಹಾಸಿಕೊಂಡೆ. ಹಗಲು ಮಲಗುವುದು ಆ ಮನೆಗೆ ಬಂದ ಮೇಲೆ ಅದೇ ಮೊದಲು. ಎಚ್ಚರವಾದಾಗ ಹಸುವಿನ ಹಾಲು ಕರೆದಾಗಿತ್ತು, ನನ್ನನ್ನು ಯಾರೂ ಎಬ್ಬಿಸದ ಹಾಗೆ ಅತ್ತೆ ಬಾಗಿಲು ಮುಂದೆ ಮಾಡಿ ಹೊರಗೆ ಕೂತಿದ್ದರು.