ಎಡಗಡೆ ಕೆನ್ನೆ, ಬಲಗಡೆ ಹೆಸರು

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ನಲವತ್ತು ಕುರ್ಚಿಗಳಿವೆ, ಮೂವತ್ತೊಂಬತ್ತು ಖಾಲಿ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಕಾಲು ಮಡಚಿ ಕೂತು, ಕಂಪ್ಯೂಟರಿನಲ್ಲಿರುವ ಬಂದೂಕಿಗೆ ಪಾಲಿಶ್ ಮಾಡುತ್ತಿದ್ದಾರೆ. ಅದು ಎರಡನೇ ಮಹಾಯುದ್ಧದ ರೈಫಲ್. ಅದರ ಮರದ ಹಿಂಬದಿಯ ಎಡಮಗ್ಗುಲಲ್ಲಿ, ಅಂಗೈಯಗಲ ಜಾಗಕ್ಕೆ ಮಾತ್ರ ಹೊಳಪು ಬರಬೇಕು. ಮೌಸ್ ಕೂದಲೆಳೆಯಷ್ಟು ಸರಿದು ನಿಲ್ಲುತ್ತದೆ. "ಜಾಸ್ತಿ ಆಯ್ತು," ಎಂದು ತಮಗೆ ತಾವೇ ಗೊಣಗಿಕೊಂಡು ಅಳಿಸುತ್ತಾರೆ. ಹತ್ತು ಗಂಟೆಗೆ ಈ ವಿಡಿಯೊ ಗೇಮಿನ ಕೊನೆಯ ಪ್ರತಿಗೆ ಬೀಗ ಬೀಳುತ್ತದೆ. ಆಮೇಲೆ ಯಾರೂ ಏನನ್ನೂ ಮುಟ್ಟುವಂತಿಲ್ಲ.

ಕಚೇರಿಯಲ್ಲಿ ಇವರು ಬಂದೂಕಕ್ಕ ಎಂದೇ ಪ್ರಸಿದ್ಧರು. ಮಹಾಯುದ್ಧದ ಆಟಕ್ಕೆ ಆ ಕಾಲದ ಬಂದೂಕುಗಳನ್ನು ಒಂದೊಂದಾಗಿ ಕಟ್ಟಿ ಸೇರಿಸುವುದು ಇವರ ಕೆಲಸ. ಎರಡೂವರೆ ವರ್ಷದಲ್ಲಿ ಮೂವತ್ತೊಂದು ಬಂದೂಕು ಕಟ್ಟಿದ್ದಾರೆ. ಒಂದೊಂದಕ್ಕೂ ಹತ್ತೊಂಬತ್ತು ದಿನ, ನಾನೂರು ಫೋಟೊ, ಅರವತ್ತಕ್ಕೂ ಮೀರಿದ ಬಿಡಿಭಾಗ. ಹಾಗಂತ ಜೀವಮಾನದಲ್ಲಿ ಒಂದು ಗುಂಡೂ ಹಾರಿಸಿದವರಲ್ಲ. "ಕುಕ್ಕರ್ ಕೂಗಿದ್ರೆ ಬೆಚ್ಚಿ ಬೀಳ್ತೀನಿ. ನಮ್ಮನೆಯೋರಿಗೆ ಅದೇ ತಮಾಷೆ," ಎನ್ನುತ್ತಾರೆ. ಮನೆಯೋರು ಬಸ್ ಡ್ರೈವರ್. ಅವರ ಮೊದಲ ಟ್ರಿಪ್ಪಿನಲ್ಲೇ ಮುಂದಿನ ಸೀಟು ಹಿಡಿದು ಬರುವುದರಿಂದ ದಿನವೂ ಕಚೇರಿಯ ದೀಪ ಹಾಕುವವರು ಇವರೇ.

ಇವರ ತಂದೆ ಪೀಠೋಪಕರಣಗಳಿಗೆ ಪಾಲಿಶ್ ಹಾಕುತ್ತಿದ್ದರು. ಎಂಟನೇ ವಯಸ್ಸಿಗೇ ಮಗಳ ಕೈಗೆ ಮರ ಉಜ್ಜುವ ಉಪ್ಪುಕಾಗದ ಬಂತು. "ಹಳೇ ಕುರ್ಚಿ ಬಂದ್ರೆ ಅಪ್ಪ ಕೇಳೋರು, ಇದರಲ್ಲಿ ಕೂತೋರು ಎಡಚರೋ ಬಲಚರೋ ಹೇಳು ಅಂತ. ಕೈ ಎಲ್ಲಿ ಊರಿರ್ತಾರೋ ಅಲ್ಲಿ ಮರ ನುಣ್ಣಗಾಗಿರತ್ತೆ. ನೋಡಿದ್ರೆ ಗೊತ್ತಾಗತ್ತೆ." ಅಂಗಡಿ ಮುಚ್ಚಿದ ಮೇಲೆ ಅಡಿಗೆಮನೆ ಕಪಾಟುಗಳ ಕಂಪ್ಯೂಟರ್ ಚಿತ್ರ ಬಿಡಿಸಿದರು. ಆರು ವರ್ಷ ಬರೀ ಬಾಗಿಲು, ಹಿಡಿ, ಕೀಲು. ಕೊನೆಗೆ ಇಲ್ಲಿಗೆ ಬಂದರು, ಅದೂ ಒಂದೊಂದು ವರ್ಷದ ಕರಾರಿನ ಮೇಲೆ.

ಇಷ್ಟೆಲ್ಲ ಬಲ್ಲವರು ಈ ರೈಫಲ್ಲಿನ ವಿಷಯದಲ್ಲಿ ಎಡವಿದರು. ಈ ಕಸುಬಿನಲ್ಲಿ 'ಕನ್ನಡಿ ಹಿಡಿಯೋದು' ಅಂತ ಒಂದು ಉಪಾಯವಿದೆ. ಎರಡು ಮಗ್ಗುಲೂ ಒಂದೇ ತರಹ ಇರುವ ವಸ್ತುವಾದರೆ ಅರ್ಧ ಮಾತ್ರ ಮಾಡಿ, ಅದರ ಪ್ರತಿಬಿಂಬವನ್ನು ಇನ್ನೊಂದು ಕಡೆಗೆ ಅಂಟಿಸುತ್ತಾರೆ. ಶ್ರಮವೂ ಉಳಿಯಿತು, ಕಂಪ್ಯೂಟರಿನ ನೆನಪಿನಲ್ಲಿ ಜಾಗವೂ ಉಳಿಯಿತು. ವಸ್ತುಸಂಗ್ರಹಾಲಯದ ಉಗ್ರಾಣದಲ್ಲಿ ತೆಗೆದ ಫೋಟೊ ನೋಡಿ ಬಂದೂಕಕ್ಕ ರೈಫಲ್ಲಿನ ಬಲಮಗ್ಗುಲನ್ನು ಕಟ್ಟಿದರು. ಮರದ ಮೇಲೆ ಚಾಕುವಿನ ಗೀರುಗಳಿದ್ದವು. ಅವು ಅಕ್ಷರಗಳೆಂದು ಹೊಳೆಯದೆ, ಹಳೇ ಮರಕ್ಕೆ ಕಳೆ ಬರುತ್ತದೆಂದು ಹಾಗೇ ಬಿಟ್ಟು ಕನ್ನಡಿ ಹಿಡಿದರು. "ಎಡಗಡೆ ಫೋಟೊನೂ ತೆಗ್ದಿದ್ದೆ. ತೆರೆದು ನೋಡ್ಲಿಲ್ಲ. ಸೋಮಾರಿತನ, ಬೇರೇನಿಲ್ಲ," ಎಂದು ನೇರವಾಗಿ ಒಪ್ಪಿಕೊಳ್ಳುತ್ತಾರೆ.

ಆಟದ ಮಾದರಿಯನ್ನು ಜನರಿಗೆ ಪರೀಕ್ಷೆಗೆಂದು ಬಿಟ್ಟ ಮೂರನೇ ವಾರ ಉಗ್ರಾಣದವರ ಮೂಲಕ ಒಂದು ಕಾಗದ ಬಂತು. ಬರೆದವರು ಎಂಬತ್ತೆರಡು ವರ್ಷದ ನಿವೃತ್ತ ಟೀಚರ್. ಆ ರೈಫಲ್ ಅವರ ತಂದೆಯದು, ಉಗ್ರಾಣಕ್ಕೆ ಕೊಟ್ಟವರು ಈ ಟೀಚರೇ. ಸಂಬಂಧಿಕರ ಮನೆಯ ಟೀವಿಯಲ್ಲಿ ಯಾರೋ ಆಟ ಆಡುವಾಗ ಅದನ್ನು ಕಂಡಿದ್ದರು. ಕಾಗದವನ್ನು ಬಂದೂಕಕ್ಕ, ತಮ್ಮ ಬಗ್ಗೆ ಬರೆಯಲು ಬಂದಿರುವ ನನ್ನ ಮುಂದೆ ಇಡುತ್ತಾರೆ. ಮುತ್ತು ಪೋಣಿಸಿದಂಥ ಅಕ್ಷರ.

'ನನ್ನ ತಂದೆ ಶಾಲೆಗೆ ಹೋದವರಲ್ಲ. ಯುದ್ಧಕ್ಕೆ ಹೋದಾಗ ಸ್ನೇಹಿತರೊಬ್ಬರ ಹತ್ತಿರ ಮೂರೇ ಅಕ್ಷರ ಕಲಿತು, ಅಮ್ಮನ ಹೆಸರನ್ನು ಬಂದೂಕಿನ ಬಲಗಡೆ ಕೆತ್ತಿದ್ದರು. ಅವರು ಬರೆದದ್ದೆಂದು ಉಳಿದಿರುವುದು ಅದೊಂದೇ. ನಿಮ್ಮ ಆಟದಲ್ಲಿ ಅದು ಎಡಗಡೆಯೂ ಇದೆ, ತಿರುವುಮುರುವಾಗಿ. ನೋಡಿದವರು ಅವರಿಗೆ ಅಷ್ಟೂ ಬರುತ್ತಿರಲಿಲ್ಲ ಎಂದುಕೊಳ್ಳುತ್ತಾರೆ. ಎಡಗಡೆ ಅವರು ಏನೂ ಕೆತ್ತಿರಲಿಲ್ಲ. ಗುರಿ ಹಿಡಿಯುವಾಗ ಕೆನ್ನೆ ಇಡುತ್ತಿದ್ದ ಜಾಗ ಅದು. ಅಳಿಸಿ ಎನ್ನುವುದಿಲ್ಲ, ತಿದ್ದಿ.'

ಅಳಿಸುವುದಾದರೆ ಎರಡೇ ನಿಮಿಷದ ಕೆಲಸ. ತಂಡದ ಮುಖ್ಯಸ್ಥರು ಹೇಳಿದ್ದೂ ಅದನ್ನೇ. ಕಂಡದ್ದನ್ನೆಲ್ಲ ಕತ್ತರಿಸುವ ಇವರಿಗೆ ಕತ್ತರಿ ಸರ್ ಎಂಬ ಅಡ್ಡಹೆಸರಿದೆ. ಅವರ ಮಾತಿನಲ್ಲೂ ನ್ಯಾಯವಿದೆ. ಎರಡು ಮಗ್ಗುಲಿಗೂ ಬೇರೆ ಬೇರೆ ಚಿತ್ರ ಹಾಕಿದರೆ ಆ ಬಂದೂಕಿಗೆ ಕೊಟ್ಟಿರುವ ಜಾಗ ಸಾಲುವುದಿಲ್ಲ, ಆಟ ತಡವರಿಸುತ್ತದೆ. ಮೇಲಾಗಿ ಆಡುವವರ ಕಣ್ಣಿಗೆ ಬೀಳುವುದು ರೈಫಲ್ಲಿನ ಎಡಮಗ್ಗುಲು ಮಾತ್ರ. ಬಲಗಡೆ ಹೆಸರು ಉಳಿಸಿದರೂ ನೋಡುವವರು ಯಾರು?

ಬಂದೂಕಕ್ಕ ಹಟ ಹಿಡಿಯಲಿಲ್ಲ, ಜಗಳವಾಡಲಿಲ್ಲ. ಜಾಗ ನಾನೇ ಹುಡುಕುತ್ತೇನೆ, ಸಿಗದಿದ್ದರೆ ಅಳಿಸುತ್ತೇನೆ ಎಂದರು. ಐದು ದಿನದಿಂದ ಅದನ್ನೇ ಮಾಡುತ್ತಿದ್ದಾರೆ. ರೈಫಲ್ ಹೆಗಲಿಗೆ ಹಾಕುವ ಚರ್ಮದ ಪಟ್ಟಿಗೆ ಅವರು ಇನ್ನೂರ ಹನ್ನೆರಡು ಹೊಲಿಗೆಗಳನ್ನು ಒಂದೊಂದಾಗಿ ಬಿಡಿಸಿದ್ದರು. ಕಚೇರಿಗೆ ಯಾರೇ ಹೊಸಬರು ಬಂದರೂ ಕರೆದು ತೋರಿಸುತ್ತಿದ್ದುದು ಅದನ್ನೇ. ಈಗ ಆ ಪಟ್ಟಿಯ ಚಿತ್ರವನ್ನು ಕಾಲುಭಾಗಕ್ಕೆ ಕುಗ್ಗಿಸಿದ್ದಾರೆ. ಹೊಲಿಗೆ ಹೋಗಿ ಬರೀ ಕಂದು ಗೆರೆ ಉಳಿದಿದೆ. "ಹೊಟ್ಟೆ ಉರೀತು," ಎನ್ನುತ್ತಾರೆ. "ಆದ್ರೆ ಹೊಲಿಗೆ ನಂದು. ಇನ್ನೊಂದು ಸಲ ಹಾಕ್ಬಹುದು."

ಒಂಬತ್ತೂವರೆಗೆ ಕತ್ತರಿ ಸರ್ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ. ಬಂದೂಕಕ್ಕ ರೈಫಲ್ಲನ್ನು ನಿಧಾನವಾಗಿ ಹೊರಳಿಸುತ್ತಾರೆ. ಎಡಗಡೆ ಕೆನ್ನೆ ತಾಗಿ ತಾಗಿ ನುಣುಪಾದ ಮರ. ಬಲಗಡೆ ಮೂರಕ್ಷರ. ಕತ್ತರಿ ಸರ್ ಅಂಕಿ ನೋಡುತ್ತಾರೆ, ಇನ್ನೊಮ್ಮೆ ನೋಡುತ್ತಾರೆ. ಜಾಗ ಸರಿಯಾಗಿದೆ.

"ಪಟ್ಟಿ ಹಾಳಾಯ್ತಲ್ಲಕ್ಕಾ."

"ಹೋಗ್ಲಿ ಬಿಡಿ ಸರ್."

"ಆಡೋರಿಗೆ ಹೆಸರು ಕಾಣೋದೇ ಇಲ್ಲ. ಗೊತ್ತಲ್ಲ?"

"ಗೊತ್ತು ಸರ್."

ಕತ್ತರಿ ಸರ್ "ಸೇರಿಸಿ," ಎಂದು ಹೊರಟುಹೋಗುತ್ತಾರೆ.

ಹತ್ತು ಗಂಟೆಗೆ ಬೀಗ ಬೀಳುತ್ತದೆ. ಆಟ ಮುಗಿದ ಮೇಲೆ ತೆರೆಯ ಮೇಲೆ ಏಳುನೂರು ಹೆಸರು ಓಡುತ್ತವೆ, ಅವುಗಳಲ್ಲಿ ಇವರದೂ ಒಂದು. ಎಷ್ಟನೆಯದೆಂದು ಕೇಳಿದರೆ ನೋಡಿಲ್ಲ ಎನ್ನುತ್ತಾರೆ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲ ಬಳಿ ಹೋಗಿ ಟೀಚರ್‌ಗೆ ಫೋನ್ ಮಾಡುತ್ತಾರೆ. ಆ ಕಡೆಯ ದನಿ ಎಷ್ಟು ಜೋರೆಂದರೆ ಪಕ್ಕದಲ್ಲಿರುವ ನನಗೂ ಕೇಳುತ್ತದೆ.

"ತಿದ್ದಿದ್ರಾ?"

"ತಿದ್ದಿದೀನಿ ಟೀಚರ್. ಎಡಗಡೆ ಏನೂ ಇಲ್ಲ. ಬಲಗಡೆ ಮಾತ್ರ ಇದೆ."

"ಎರಡನೇ ಅಕ್ಷರ ಸ್ವಲ್ಪ ವಾರೆ ಇದೆ. ನೀವೇನೂ ಅದನ್ನ ನೆಟ್ಟಗೆ ಮಾಡಿಲ್ಲ ತಾನೇ?"

"ಇಲ್ಲ ಟೀಚರ್. ಅವ್ರು ಬರೆದ ಹಾಗೇ ಇದೆ."