ಬಸ್ಸಿಗೊಂದು ನಿದ್ದೆ ಮಾತ್ರೆ

ನಮ್ಮ ಬೀದಿಯ ದರ್ಜಿಗೆ ಇರುವವಳು ಒಬ್ಬಳೇ ತಂಗಿ. ಕಾಯಿಲೆ ಕೆರಳಿದಾಗ ಅವಳು ಗಿರಾಕಿಗಳ ಬಟ್ಟೆ ಕತ್ತರಿಸಿ ಹಾಕುತ್ತಾಳೆ, ಗೋಡೆಯ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಹಲ್ಲು ಕೀಳುವವರು ಈ ಊರಲ್ಲೇ ಮೂವರಿದ್ದಾರೆ. ಮನಸ್ಸಿನ ಡಾಕ್ಟರು ಬೇಕೆಂದರೆ ಮಾತ್ರ ಇಡೀ ದಿನ ಬಸ್ಸಿನಲ್ಲಿ ಕೂತು ಬೆಟ್ಟ ದಾಟಬೇಕು. ಬೆಟ್ಟದ ಈಚೆ ಯಾರಿಗೂ ತಲೆ ಕೆಡಕೂಡದು ಎಂದು ಸರ್ಕಾರ ತೀರ್ಮಾನಿಸಿದಂತಿದೆ.

ಮೊದಲ ಸಲ ಅವಳು ಕೂಗಾಡಿದಳೆಂದು ಕಂಡಕ್ಟರು ಇಬ್ಬರನ್ನೂ ನಡುದಾರಿಯಲ್ಲೇ ಇಳಿಸಿದ. ಅಂದಿನಿಂದ ದರ್ಜಿ ಹೊರಡುವ ಮುಂಚೆ ಅವಳಿಗೆ ನಿದ್ದೆ ಮಾತ್ರೆ ನುಂಗಿಸುತ್ತಾನೆ. ಡಾಕ್ಟರ ಮುಂದೆ ಅವಳು ಬೆಕ್ಕಿನ ಮರಿಯಂತೆ ತೂಕಡಿಸುತ್ತಾಳೆ.

"ಪರವಾಗಿಲ್ವೇ, ಎಷ್ಟು ಸುಧಾರಿಸಿದಾಳೆ! ಔಷಧಿ ಕಮ್ಮಿ ಮಾಡೋಣ" ಎಂದರು ಡಾಕ್ಟರು.

"ಸಾರ್, ಇದು ಬಸ್ಸಿಗೋಸ್ಕರ ಕೊಟ್ಟ ನಿದ್ದೆ ಸಾರ್. ಮನೇಲಿ ಹೀಗಿರಲ್ಲ."

"ಹಾಗೆಲ್ಲ ಕೊಡಬಾರದು ಕಣಯ್ಯ. ಮುಂದಿನ ಸಲ ಏನೂ ಕೊಡದೆ ಕರ್ಕೊಂಡು ಬಾ."

ಮುಂದಿನ ಸಲ ದರ್ಜಿ ಏನೂ ಕೊಡದೆ ಹೊರಟ. ಅವಳ ಕೂಗಾಟಕ್ಕೆ ಬೆಟ್ಟದ ನೆತ್ತಿಯಲ್ಲಿ ಬಸ್ಸು ನಿಂತಿತು. ಅಣ್ಣ ತಂಗಿ ನಡೆದುಕೊಂಡೇ ಮನೆಗೆ ಬಂದರು.

"ಡಾಕ್ಟರು ಏನಂತಾರೆ?" ಎಂದು ನಿನ್ನೆ ಅವನ ಅಂಗಡಿಯಲ್ಲಿ ಕೇಳಿದೆ. ತುಂಡಾಗಿದ್ದ ಯಾರದೋ ಅಂಗಿಯನ್ನು ಅವನು ಮತ್ತೆ ಹೊಲಿಯುತ್ತಿದ್ದ.

"ಇಷ್ಟು ವರ್ಷದಿಂದ ತೋರಿಸ್ತಿದೀನಿ ಕಣಣ್ಣ. ಆ ಪುಣ್ಯಾತ್ಮ ನನ್ನ ತಂಗೀನ ಇನ್ನೂ ನೋಡೇ ಇಲ್ಲ."